ಎಫ್‌ಡಿಗೂ ಮನೆ ಸಾಲಕ್ಕೂ ಅಂತರ ಒಂದು ಪರ್ಸೆಂಟೂ ಇಲ್ಲ, ಹಾಗಾದರೆ ಬ್ಯಾಂಕಿನ ಮಾರ್ಜಿನ್ ಮೂರು ಹೇಗಾಗುತ್ತದೆ?

ಮೈಸೂರು_ಓದುಗ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಅಪ್ಪ ರಿಟೈರ್ ಆದಾಗ ಬಂದ ದುಡ್ಡು ಮನೆ ಹತ್ತಿರದ ಒಂದು ಸರ್ಕಾರಿ ಬ್ಯಾಂಕಿನಲ್ಲಿ ಎಫ್‌ಡಿಯಲ್ಲಿದೆ. ನನ್ನ ಮನೆ ಸಾಲವೂ ಅದೇ ಬ್ರಾಂಚಿನಲ್ಲಿದೆ. ಎಫ್‌ಡಿ ರಿನ್ಯೂ ಮಾಡಿಸಲು ಹೋದಾಗ ಹಿರಿಯ ನಾಗರಿಕರ ಹೆಚ್ಚುವರಿ ಬಡ್ಡಿ ಸೇರಿಸಿಯೂ 7.3 ಇದ್ದದ್ದು 6.7 ಆಗಿತ್ತು. ನನ್ನ ಸಾಲದ ಬಡ್ಡಿ ಇದೇ ಒಂದು ವರ್ಷದಲ್ಲಿ 8.75ರಿಂದ 7.5ಕ್ಕೆ ಬಂದಿದೆ. ಅಪ್ಪನಿಗೆ ನಷ್ಟ, ನನಗೆ ಲಾಭ, ಮನೆ ಲೆಕ್ಕದಲ್ಲಿ ಅದು ಸರಿಹೋಯಿತು ಅನ್ನಿ.

ನನ್ನ ಪ್ರಶ್ನೆ ಬೇರೆ. ಅಪ್ಪನಿಗೆ 6.7 ಕೊಟ್ಟು ನನ್ನಿಂದ 7.5 ತೆಗೆದುಕೊಂಡರೆ ಬ್ಯಾಂಕಿಗೆ ಉಳಿಯುವುದು 0.8. ಆದರೆ ಪೇಪರ್‌ನಲ್ಲಿ ಯಾವ ಬ್ಯಾಂಕಿನ ತ್ರೈಮಾಸಿಕ ಫಲಿತಾಂಶ ನೋಡಿದರೂ ನಿವ್ವಳ ಬಡ್ಡಿ ಮಾರ್ಜಿನ್ (ಬಂದ ಬಡ್ಡಿಯಲ್ಲಿ ಕೊಟ್ಟ ಬಡ್ಡಿ ಕಳೆದು ಉಳಿಯುವ ಪರ್ಸೆಂಟ್) 3ರ ಆಸುಪಾಸು, ಕೆಲವು ಖಾಸಗಿ ಬ್ಯಾಂಕುಗಳದ್ದು 4ರ ಹತ್ತಿರ. ಮಿಕ್ಕ ಎರಡು ಪರ್ಸೆಂಟ್ ಎಲ್ಲಿಂದ ಬರುತ್ತದೆ? ಎಫ್‌ಡಿ ಬಡ್ಡಿ ಇಷ್ಟು ಇಳಿಸಿದ ಮೇಲೂ "ಮಾರ್ಜಿನ್ ಮೇಲೆ ಒತ್ತಡ" ಅಂತ ಬ್ಯಾಂಕಿನವರೇ ಹೇಳುತ್ತಾರಲ್ಲ, ಅದು ಹೇಗೆ?

ಇನ್ನೊಂದು ವಿಷಯ. ಮದ್ದೂರಿನಲ್ಲಿರುವ ನಮ್ಮಣ್ಣ 2017ರಲ್ಲಿ ತೆಗೆದ ಮನೆ ಸಾಲಕ್ಕೆ ಈಗಲೂ 9.2 ಕಟ್ಟುತ್ತಿದ್ದಾನೆ. ಒಂದೇ ಥರದ ಸಾಲಕ್ಕೆ ಇಷ್ಟು ವ್ಯತ್ಯಾಸ ಯಾಕೆ? ಗೊತ್ತಿರುವವರು ಬಿಡಿಸಿ ಹೇಳಿ.

ಲೆಕ್ಕ_ಸರಸ್ವತಿಪುರಂ:

ಒಳ್ಳೆಯ ಪ್ರಶ್ನೆ. ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಒಂದೇ. ಬ್ಯಾಂಕು ನಿಮ್ಮ ಸಾಲವನ್ನು ನಿಮ್ಮ ಅಪ್ಪನ ಎಫ್‌ಡಿ ದುಡ್ಡಿನಿಂದ ಮಾತ್ರ ಕೊಟ್ಟಿಲ್ಲ. ಎಸ್‌ಬಿ ಅಂದರೆ ಉಳಿತಾಯ ಖಾತೆಯಲ್ಲಿ ಸುಮ್ನೆ ಬಿದ್ದಿರುವ ದುಡ್ಡು, ದೇವರಾಜ ಅರಸು ರಸ್ತೆಯ ಅಂಗಡಿಯವರ ಕರೆಂಟ್ ಖಾತೆ ದುಡ್ಡು, ಎಲ್ಲ ಸೇರಿಸಿ ಕೊಟ್ಟಿದೆ. ಕರೆಂಟ್ ಖಾತೆಗೆ ಬಡ್ಡಿಯೇ ಇಲ್ಲ. ಎಸ್‌ಬಿಗೆ ದೊಡ್ಡ ಬ್ಯಾಂಕುಗಳು ಈಗ ಕೊಡುವುದು ಶೇ 2.5. ಈ ಎರಡನ್ನೂ ಸೇರಿಸಿ ಕಾಸಾ ಅನ್ನುತ್ತಾರೆ. ಮಾರ್ಜಿನ್‌ನ ಬೇರು ಇರುವುದು ಇಲ್ಲೇ.

100 ರೂಪಾಯಿ ಠೇವಣಿ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಇದು ಯಾವ ಬ್ಯಾಂಕಿನದ್ದೂ ಅಲ್ಲ, ಅರ್ಥವಾಗಲಿ ಅಂತ ಹಾಕಿಕೊಂಡ ಅಂಕಿ. ಕರೆಂಟ್ ಖಾತೆ 10 ರೂಪಾಯಿ, ಬಡ್ಡಿ ಸೊನ್ನೆ. ಎಸ್‌ಬಿ 28 ರೂಪಾಯಿ, ಬಡ್ಡಿ 70 ಪೈಸೆ. ಎಫ್‌ಡಿ 62 ರೂಪಾಯಿ, 6.5ರಂತೆ ಬಡ್ಡಿ 4 ರೂಪಾಯಿ 3 ಪೈಸೆ. ಒಟ್ಟು ಬಡ್ಡಿ ಖರ್ಚು 4.73.

ಈಗ ಆದಾಯದ ಕಡೆ ಬನ್ನಿ. ಆ ನೂರರಲ್ಲಿ 3 ರೂಪಾಯಿಯನ್ನು ಸಿಆರ್‌ಆರ್ ಅಂತ ಆರ್‌ಬಿಐ ಹತ್ತಿರ ಇಡಬೇಕು, ಅದಕ್ಕೆ ಒಂದು ಪೈಸೆ ಬಡ್ಡಿ ಬರುವುದಿಲ್ಲ. ಎಸ್‌ಎಲ್‌ಆರ್ ಅಂತ ಸುರಕ್ಷಿತ ಹೂಡಿಕೆಯಲ್ಲಿ ಇಡಲೇಬೇಕಾದದ್ದು 18 ರೂಪಾಯಿ, ಅದು ಹೆಚ್ಚಾಗಿ ಸರ್ಕಾರಿ ಸಾಲಪತ್ರಗಳಲ್ಲಿರುತ್ತದೆ. 6.8 ಬಂತು ಅಂದುಕೊಂಡರೆ 1.22. ಉಳಿದ 79 ರೂಪಾಯಿ ಸಾಲ. ನಿಮ್ಮ ಮನೆ ಸಾಲ 7.5 ಇರಬಹುದು, ಆದರೆ ಅದೇ ಬ್ರಾಂಚಿನಲ್ಲಿ ಪರ್ಸನಲ್ ಲೋನ್ 11, 12 ಇರುತ್ತದೆ, ಚಿನ್ನದ ಸಾಲ 9 ದಾಟಿರುತ್ತದೆ, ಅಂಗಡಿ, ಕಾರ್ಖಾನೆಯವರ ಸಾಲ ಇರುತ್ತದೆ. ಸರಾಸರಿ 8.7 ಅಂದರೆ 6.87. ಒಟ್ಟು ಆದಾಯ ಸುಮಾರು 8.10. ಅದರಲ್ಲಿ 4.73 ಕಳೆದರೆ 3.37. ನೋಡಿ, ಪೇಪರ್‌ನಲ್ಲಿ ಬರುವ 3ರ ಹತ್ತಿರಕ್ಕೆ ಬಂದೆವು.

ಅದೇ ನೂರು ರೂಪಾಯಿ ಪೂರ್ತಿ ಎಫ್‌ಡಿಯಿಂದಲೇ ಬಂದಿದ್ದರೆ ಖರ್ಚು 6.50 ಆಗುತ್ತಿತ್ತು, ಉಳಿಯುತ್ತಿದ್ದದ್ದು 1.60 ಮಾತ್ರ. ಸಾಲ ಅದೇ, ಸಾಲಗಾರರೂ ಅವರೇ. ದುಡ್ಡು ಎಷ್ಟು ಅಗ್ಗಕ್ಕೆ ಸಿಕ್ಕಿತು ಅನ್ನುವುದರಲ್ಲೇ ಮಾರ್ಜಿನ್ ಅರ್ಧಕ್ಕಿಂತ ಕೆಳಗೆ ಬಂತು. ಬ್ಯಾಂಕಿಗೆ ಕಾಲಿಟ್ಟ ತಕ್ಷಣ "ಸರ್, ಸ್ಯಾಲರಿ ಅಕೌಂಟ್ ನಮ್ಮಲ್ಲಿ ಮಾಡಿ" ಅಂತ ಹಿಂದೆ ಬೀಳುವುದು ಇದಕ್ಕೇ.

ಸಿಆರ್‌ಆರ್ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್‌ವರೆಗೆ ಅದು 4 ಇತ್ತು. ಅಲ್ಲಿಂದ ನವೆಂಬರ್ ಕೊನೆಯೊಳಗೆ ನಾಲ್ಕು ಕಂತಿನಲ್ಲಿ 3ಕ್ಕೆ ಇಳಿಸಿದರು. ಬಡ್ಡಿ ಇಲ್ಲದೆ ಕೂತಿದ್ದ ಒಂದು ರೂಪಾಯಿ ಹೊರಗೆ ಬಂದು ಏಳೆಂಟು ಪೈಸೆ ದುಡಿಯಲು ಶುರು ಮಾಡಿತು. ನೂರಕ್ಕೆ ಏಳೆಂಟು ಪೈಸೆ ಅಂದರೆ ಬ್ಯಾಂಕಿನವರಿಗೆ ಚಿಕ್ಕದಲ್ಲ. ಇಡೀ ಬ್ಯಾಂಕಿಂಗ್ ವ್ಯವಸ್ಥೆಗೆ ಆಗ ಬಿಡುಗಡೆಯಾದದ್ದು ಸುಮಾರು 2.5 ಲಕ್ಷ ಕೋಟಿ.

ಮೈಸೂರು_ಓದುಗ:

ತುಂಬ ಥ್ಯಾಂಕ್ಸ್ ಸರ್, 3 ಹೇಗೆ ಬರುತ್ತದೆ ಅನ್ನುವುದು ಈಗ ಗೊತ್ತಾಯಿತು. ಆದರೆ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಎಫ್‌ಡಿ ಬಡ್ಡಿ ಇಳಿದರೆ ಖರ್ಚು ಇಳಿಯಬೇಕು ಅಲ್ವಾ? ಮಾರ್ಜಿನ್ ಯಾಕೆ ಕುಗ್ಗುತ್ತದೆ?

ಲೆಕ್ಕ_ಸರಸ್ವತಿಪುರಂ:

ಎರಡೂ ಒಂದೇ ದಿನ ಇಳಿಯುವುದಿಲ್ಲ. ಅದೇ ಕಾರಣ.

2019ರ ಅಕ್ಟೋಬರ್ 1ರಿಂದ ಮನೆ ಸಾಲ, ಸಣ್ಣ ಉದ್ದಿಮೆ ಸಾಲ ಇಂಥವು ಬದಲಾಗುವ ಬಡ್ಡಿಯವಾದರೆ ಹೊರಗಿನ ಒಂದು ದರಕ್ಕೆ ಕಟ್ಟಿರಬೇಕು. ಹೆಚ್ಚಿನ ಬ್ಯಾಂಕುಗಳು ರೆಪೊ ದರಕ್ಕೆ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿವೆ. ಕನಿಷ್ಠ ಮೂರು ತಿಂಗಳಿಗೊಮ್ಮೆ ಅದನ್ನು ಹೊಸ ದರಕ್ಕೆ ತರಲೇಬೇಕು. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ 6.5ರಿಂದ 5.25ಕ್ಕೆ ಬಂತು. ನಿಮ್ಮ ಸಾಲ 8.75ರಿಂದ 7.5ಕ್ಕೆ ಬಂದಿದೆ ಅಂದಿರಲ್ಲ, ಅದೂ ಸರಿಯಾಗಿ 1.25. ಬ್ಯಾಂಕಿಗೆ ತಡೆಯುವ ದಾರಿಯೇ ಇರಲಿಲ್ಲ.

ಆದರೆ ಅಪ್ಪನ ಎಫ್‌ಡಿ ಆ ವರ್ಷವಿಡೀ 7.3ರಲ್ಲೇ ನಡೆಯಿತು, ಅವಧಿ ಮುಗಿಯುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಬೇರೆ ಯಾರೋ ಮೂರು ವರ್ಷಕ್ಕೆ ಇಟ್ಟಿದ್ದರೆ ಅವರಿಗೆ ಇನ್ನೂ ಹಳೇ ಬಡ್ಡಿಯೇ ಹೋಗುತ್ತಿದೆ. ಆದಾಯ ತಕ್ಷಣ ಇಳಿಯಿತು, ಖರ್ಚು ನಿಧಾನಕ್ಕೆ ಇಳಿಯುತ್ತಿದೆ. ಮಾರ್ಜಿನ್ ಒತ್ತಡ ಅಂದರೆ ಇದೇ. ಹಳೇ ಎಫ್‌ಡಿಗಳೆಲ್ಲ ಒಂದೊಂದಾಗಿ ರಿನ್ಯೂ ಆಗುತ್ತಾ ಬಂದ ಹಾಗೆ ಬ್ಯಾಂಕು ಸ್ವಲ್ಪ ಉಸಿರಾಡುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ರೆಪೊ 1.25 ಇಳಿದರೂ ದೊಡ್ಡ ಬ್ಯಾಂಕುಗಳ ಎಸ್‌ಬಿ ಬಡ್ಡಿ ಇಳಿದದ್ದು 2.7ರಿಂದ 2.5ಕ್ಕೆ ಅಷ್ಟೇ. ಇನ್ನೆಷ್ಟು ಇಳಿಸಲು ಸಾಧ್ಯ? ಕರೆಂಟ್ ಖಾತೆ ಬಡ್ಡಿ ಸೊನ್ನೆ, ಅದಕ್ಕಿಂತ ಕೆಳಗೆ ಹೋಗುವುದೇ ಇಲ್ಲ. ಹಾಗಾಗಿ ಬಡ್ಡಿ ಇಳಿಯುವ ಕಾಲದಲ್ಲಿ ಅಗ್ಗದ ಠೇವಣಿಯಿಂದ ಸಿಗುವ ಲಾಭವೇ ಕರಗುತ್ತದೆ. 2022ರ ಮೇಯಿಂದ 2023ರ ಫೆಬ್ರುವರಿವರೆಗೆ ಇದು ತಿರುಗುಮುರುಗಾಗಿತ್ತು. ರೆಪೊ 4ರಿಂದ 6.5ಕ್ಕೆ ಹೋಯಿತು, ಮನೆ ಸಾಲದವರ ಇಎಂಐ ಅಥವಾ ಕಂತಿನ ವರ್ಷಗಳು ಏರಿದವು, ಎಸ್‌ಬಿ ಬಡ್ಡಿ ಮಾತ್ರ 2.7ರಲ್ಲೇ ಕೂತಿತ್ತು. ಆಗ ಬ್ಯಾಂಕುಗಳ ಮಾರ್ಜಿನ್ ಚೆನ್ನಾಗಿ ಹಿಗ್ಗಿತು. ಎಸ್‌ಬಿಯಲ್ಲಿ ದುಡ್ಡು ಇಟ್ಟವರಿಗೆ ಅದರಲ್ಲಿ ಏನೂ ಸಿಗಲಿಲ್ಲ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಮಂಡ್ಯ_ನಿವೃತ್ತ_ಬ್ಯಾಂಕರ್:

ಸರಸ್ವತಿಪುರಂನವರು ಠೇವಣಿ ಕಡೆಯಿಂದ ಚೆನ್ನಾಗಿ ಹೇಳಿದ್ದಾರೆ. ನಾನು ಸಾಲದ ಕಡೆಯಿಂದ ಹೇಳುತ್ತೇನೆ, ಸರ್ವಿಸ್‌ನಲ್ಲಿ ಅರ್ಧ ಕಾಲ ಕಳೆದದ್ದು ಮಂಡ್ಯ ಜಿಲ್ಲೆಯ ಬ್ರಾಂಚುಗಳಲ್ಲಿ.

ನಾನು ಕೆಲಸಕ್ಕೆ ಸೇರಿದಾಗ ಎಸ್‌ಬಿ ಬಡ್ಡಿಯನ್ನು ಆರ್‌ಬಿಐಯೇ ಹೇಳುತ್ತಿತ್ತು, ನಮಗೆ ಯೋಚನೆಯೇ ಇರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಅದನ್ನು ಬ್ಯಾಂಕುಗಳಿಗೇ ಬಿಟ್ಟರು. ಕೆಲವು ಹೊಸ ಖಾಸಗಿ ಬ್ಯಾಂಕುಗಳು 6 ಕೊಡುತ್ತೇವೆ ಅಂತ ಬಂದವು. ಆದರೂ ದೊಡ್ಡ ಬ್ಯಾಂಕುಗಳಿಂದ ಜನ ಎದ್ದು ಹೋಗಲಿಲ್ಲ. ಪಿಂಚಣಿ ಬರುವ ಖಾತೆ, ಗ್ಯಾಸ್ ಸಬ್ಸಿಡಿ ಬರುವ ಖಾತೆ, ಮಗನ ಫೀಸ್ ಕಟ್ಟುವ ಖಾತೆ, ಇವನ್ನು ಒಂದೆರಡು ಪರ್ಸೆಂಟಿಗೋಸ್ಕರ ಯಾರೂ ಬದಲಾಯಿಸುವುದಿಲ್ಲ.

ಈಗ ಸಾಲಕ್ಕೆ ಬರೋಣ. ಸಾಲ ಕೊಟ್ಟ ಮಾತ್ರಕ್ಕೆ ಬಡ್ಡಿ ಬಂದ ಹಾಗಲ್ಲ. ಕಂತು 90 ದಿನಕ್ಕಿಂತ ಜಾಸ್ತಿ ಸುಸ್ತಿಯಾದರೆ ಆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆಮೇಲೆ ಅದರ ಬಡ್ಡಿಯನ್ನು ಕೈಗೆ ಬಂದ ಮೇಲೆ ಮಾತ್ರ ಆದಾಯ ಅಂತ ತೋರಿಸಬೇಕು. ಅಷ್ಟೇ ಅಲ್ಲ, ಈಗಾಗಲೇ ಆದಾಯ ಅಂತ ಬರೆದುಕೊಂಡು ಕೈಗೆ ಬಾರದಿದ್ದ ಬಡ್ಡಿಯನ್ನೂ ವಾಪಸ್ ಕಳೆಯಬೇಕು. ಮೇಲಿನ ಲೆಕ್ಕದಲ್ಲಿ 79 ರೂಪಾಯಿ ಸಾಲದಲ್ಲಿ 3 ರೂಪಾಯಿ ಕೆಟ್ಟಿತು ಅನ್ನಿ. ಬಡ್ಡಿಯಲ್ಲೇ 26 ಪೈಸೆ ಹೋಯಿತು, 3.37 ಇದ್ದದ್ದು 3.11 ಆಯಿತು. ಠೇವಣಿದಾರನಿಗೆ ಬಡ್ಡಿ ಕೊಡುವುದನ್ನು ನಿಲ್ಲಿಸುವ ಹಾಗಿಲ್ಲವಲ್ಲ. ಅಸಲು ಹೋದ ನಷ್ಟ ಇದರಲ್ಲಿ ಸೇರಿಲ್ಲ, ಅದು ಬೇರೆ ಕಡೆ ಕಳೆಯುತ್ತದೆ. 2018ರ ಮಾರ್ಚ್‌ನಲ್ಲಿ ದೇಶದ ಬ್ಯಾಂಕುಗಳ ಒಟ್ಟು ಎನ್‌ಪಿಎ ಶೇ 11 ದಾಟಿತ್ತು. 2025ರ ಮಾರ್ಚ್‌ಗೆ 2.3ಕ್ಕೆ ಇಳಿದಿತ್ತು. ಈ ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳ ಮಾರ್ಜಿನ್ ಚೇತರಿಸಿಕೊಂಡದ್ದರಲ್ಲಿ ಇದರ ಪಾಲು ದೊಡ್ಡದು.

ನಮ್ಮ ಕಡೆ ಬೆಳೆ ಸಾಲದ ಕಥೆ ಬೇರೆ. ಬ್ಯಾಂಕಿನಲ್ಲಿ 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ರೈತನಿಗೆ ಬಡ್ಡಿ 7. ವಾಯಿದೆಯೊಳಗೆ ಕಟ್ಟಿದರೆ ಕೇಂದ್ರ ಸರ್ಕಾರ 3 ಪರ್ಸೆಂಟ್ ಬಿಟ್ಟುಕೊಡುತ್ತದೆ, ಅವನಿಗೆ ಬೀಳುವುದು 4. ಬ್ಯಾಂಕಿಗೆ ಸರ್ಕಾರ 1.5 ತುಂಬಿಕೊಡುತ್ತದೆ. ಸಹಕಾರ ಸಂಘಗಳಲ್ಲಂತೂ ರಾಜ್ಯ ಸರ್ಕಾರದ ಸೊನ್ನೆ ಬಡ್ಡಿ ಸಾಲ ಇದೆ, 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಪಕ್ಕದ ಸೊಸೈಟಿಯಲ್ಲಿ ಸೊನ್ನೆಗೆ ಸಿಗುವಾಗ ಬ್ಯಾಂಕಿನವನು ಜಾಸ್ತಿ ಕೇಳುವುದು ಹೇಗೆ?

ಬೆಳೆ ಸಾಲಕ್ಕೆ 90 ದಿನದ ಲೆಕ್ಕ ಹಾಕುವುದಿಲ್ಲ, ಬೆಳೆ ಹಂಗಾಮಿನ ಲೆಕ್ಕ ಹಾಕುತ್ತಾರೆ. ಅದು ಸರಿಯಾದದ್ದೇ. ಕಬ್ಬು ಕಾರ್ಖಾನೆಗೆ ಹೋದ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಆದೇಶದಲ್ಲೇ ಇದೆ. ಆದರೆ ಬಾಕಿ ಎಷ್ಟು ತಿಂಗಳು ಎಳೆದದ್ದಿದೆ ಅನ್ನುವುದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಕಬ್ಬಿನ ಬಟವಾಡೆ ನಿಂತರೆ ರೈತ ಸಾಲ ರಿನ್ಯೂ ಮಾಡಿಸಲು ಬರುವುದಿಲ್ಲ. ವಾಯಿದೆ ತಪ್ಪಿತು ಅಂದರೆ ಅವನ 3 ಪರ್ಸೆಂಟೂ ಹೋಯಿತು. ಬ್ರಾಂಚಿಗೆ ಬಂದು ತಲೆ ಬಗ್ಗಿಸಿ ಕೂರುತ್ತಿದ್ದರು. ತಪ್ಪು ಅವರದ್ದಲ್ಲ ಅಂತ ಗೊತ್ತಿದ್ದೂ ನಾವು ನೋಟಿಸ್ ಕಳಿಸಬೇಕಾಗುತ್ತಿತ್ತು.

ಬ್ಯಾಂಕಿಗೆ ಕೃಷಿ ಬೇಡ ಅನ್ನುವ ಹಾಗೂ ಇಲ್ಲ. ಕೊಟ್ಟ ಸಾಲದಲ್ಲಿ ಶೇ 40 ಆದ್ಯತಾ ವಲಯಕ್ಕೆ (ಕೃಷಿ, ಸಣ್ಣ ಉದ್ದಿಮೆಯಂಥವು) ಹೋಗಬೇಕು, ಅದರೊಳಗೆ ಕೃಷಿಗೆ 18. ಗುರಿ ಮುಟ್ಟದಿದ್ದರೆ ಕೊರತೆ ಬಿದ್ದ ದುಡ್ಡನ್ನು ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯಂಥ ಕಡೆ ಕಡಿಮೆ ಬಡ್ಡಿಗೆ ಇಡಬೇಕು. ಅದೂ ಮಾರ್ಜಿನ್ ತಿನ್ನುತ್ತದೆ. ಅದಕ್ಕಿಂತ ಬ್ರಾಂಚಿನವರೇ ಊರೂರು ತಿರುಗಿ ಸಾಲ ಕೊಡುವುದು ಮೇಲು.

ಗಂಗೋತ್ರಿ_ಅರ್ಥಶಾಸ್ತ್ರ:

ನಿವೃತ್ತ ಬ್ಯಾಂಕರ್ ಸರ್, ಕಬ್ಬಿನ ಭಾಗ ಓದಿ ಮನಸ್ಸಿಗೆ ತಟ್ಟಿತು. ಇದಕ್ಕೆ ನಾನು ಸೇರಿಸಬೇಕಾದದ್ದು ಖರ್ಚು ಮತ್ತು ಸಾಲದ ಗಾತ್ರದ ವಿಷಯ. ಬ್ಯಾಂಕಿನಿಂದ ಬ್ಯಾಂಕಿಗೆ ಮಾರ್ಜಿನ್ ಬೇರೆ ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ.

1981ರಲ್ಲಿ ಅಮೆರಿಕದ ಥಾಮಸ್ ಹೋ ಮತ್ತು ಆಂಥನಿ ಸಾಂಡರ್ಸ್ ಈ ವಿಷಯಕ್ಕೆ ಒಂದು ಮಾದರಿ ಕಟ್ಟಿದರು. ಠೇವಣಿ ಬರುವ ಹೊತ್ತು, ಸಾಲ ಕೇಳುವ ಹೊತ್ತು ಒಂದೇ ಅಲ್ಲ, ಆ ನಡುವೆ ಬಡ್ಡಿ ದರ ಏರುಪೇರಾಗಬಹುದು, ಆ ಅಪಾಯ ಹೊರುವುದಕ್ಕೆ ಬ್ಯಾಂಕು ತೆಗೆದುಕೊಳ್ಳುವ ಬೆಲೆಯೇ ಮಾರ್ಜಿನ್ ಅನ್ನುವುದು ಅದರ ತಿರುಳು. ಪೈಪೋಟಿ ಎಷ್ಟಿದೆ, ದರ ಎಷ್ಟು ಏರುಪೇರಾಗುತ್ತದೆ, ಬ್ಯಾಂಕು ಅಪಾಯಕ್ಕೆ ಎಷ್ಟು ಹೆದರುತ್ತದೆ, ವ್ಯವಹಾರದ ಗಾತ್ರ ಎಷ್ಟು, ಈ ನಾಲ್ಕನ್ನು ಅವರು ಹಿಡಿದರು. ನಡೆಸುವ ಖರ್ಚು, ಮರುಪಾವತಿ ಆಗದಿರುವ ಅಪಾಯ, ಸಿಆರ್‌ಆರ್ ಥರದ ಕಡ್ಡಾಯಗಳು, ಇವನ್ನೆಲ್ಲ ಆಮೇಲೆ ಬಂದವರು ಸೇರಿಸಿದರು.

40 ಲಕ್ಷದ ಒಂದು ಮನೆ ಸಾಲ ಕೊಡಲು ಒಂದು ಫೈಲು, ಒಬ್ಬ ವಕೀಲರ ಅಭಿಪ್ರಾಯ, ಒಬ್ಬ ವ್ಯಾಲ್ಯುಯರ್ ಸಾಕು. ಅದೇ 40 ಲಕ್ಷವನ್ನು ಮಳವಳ್ಳಿ ಕಡೆ ಹಳ್ಳಿಗಳಲ್ಲಿ 40 ಸಾವಿರದಂತೆ ಕೊಟ್ಟರೆ ನೂರು ಜನ ಆಗುತ್ತಾರೆ. ನೂರು ಮನೆ ಹುಡುಕಿ, ವಾರವಾರ ಹೋಗಿ ಕಂತು ತರಬೇಕು. ಹಾಗಾಗಿ ಸಣ್ಣ ಹಣಕಾಸು ಬ್ಯಾಂಕುಗಳ ಮಾರ್ಜಿನ್ ದೊಡ್ಡ ಬ್ಯಾಂಕುಗಳ ಎರಡರಷ್ಟು ಇರುವುದೂ ಉಂಟು. ಮಾರ್ಜಿನ್ ದೊಡ್ಡದು ಅಂದರೆ ಲಾಭ ದೊಡ್ಡದು ಅಂತಲ್ಲ. ಸಂಬಳ, ಬಾಡಿಗೆ, ಎಟಿಎಂ, ಕೆಟ್ಟ ಸಾಲದ ನಷ್ಟ, ಎಲ್ಲ ಅದರೊಳಗಿಂದಲೇ ಹೋಗಬೇಕು.

ಹಾಗಂತ ಖರ್ಚಿನ ಹೆಸರಲ್ಲಿ ಎಷ್ಟು ಬೇಕಾದರೂ ಬಡ್ಡಿ ಹಾಕಬಹುದು ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ನಾಲ್ಕು ಬ್ಯಾಂಕೇತರ ಸಂಸ್ಥೆಗಳು ಹೊಸ ಸಾಲ ಕೊಡದಂತೆ ಆರ್‌ಬಿಐ ತಡೆ ಹಾಕಿತು. ಅವರು ತಂದ ದುಡ್ಡಿನ ಬೆಲೆಯ ಮೇಲೆ ಹಾಕುತ್ತಿದ್ದ ಬಡ್ಡಿ ಅತಿಯಾಯಿತು ಅನ್ನುವುದೂ ಕಾರಣಗಳಲ್ಲಿ ಒಂದು. 2025ರ ಶುರುವಿನಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮ ಕಡೆ ಹಳ್ಳಿಯ ಹೆಣ್ಣುಮಕ್ಕಳು ಆ ಕಂತಿಗೋಸ್ಕರ ಪಟ್ಟ ಕಷ್ಟವನ್ನು ಬರೀ ಪರ್ಸೆಂಟ್ ಲೆಕ್ಕದಲ್ಲಿ ಮುಗಿಸಬಾರದು.

ಯಾವ ಥರದ ಸಾಲ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. 2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಲಿಮಿಟೆಡ್ ಎಚ್‌ಡಿಎಫ್‌ಸಿ ಬ್ಯಾಂಕಿನೊಳಗೆ ಸೇರಿತು. ಆ ಕಂಪನಿಯದ್ದು ಹೆಚ್ಚಾಗಿ ಮನೆ ಸಾಲ, ಅದಕ್ಕೆ ದುಡ್ಡು ತಂದದ್ದು ಬಾಂಡ್ ಮತ್ತು ಅವಧಿ ಠೇವಣಿಯಿಂದ, ಎಸ್‌ಬಿ ಖಾತೆ ಅಲ್ಲಿ ಇರಲೇ ಇಲ್ಲ. ಕಡಿಮೆ ಬಡ್ಡಿಯ ಸಾಲ, ದುಬಾರಿ ದುಡ್ಡು, ಎರಡೂ ಒಟ್ಟಿಗೆ ಬಂದವು. 4ರ ಮೇಲಿದ್ದ ಬ್ಯಾಂಕಿನ ಮಾರ್ಜಿನ್ 3.4ರ ಆಸುಪಾಸಿಗೆ ಬಂತು.

ಜಯಲಕ್ಷ್ಮೀಪುರಂ_ಸುಮಾ:

ಎಲ್ಲ ಸರಿ, ಆದರೆ ನಿಜವಾದ ಪೈಪೋಟಿ ಇದ್ದರೆ ಎಸ್‌ಬಿಗೆ ಇನ್ನೂ 2.5 ಕೊಟ್ಟು ಹೇಗೆ ನಡೆಯುತ್ತದೆ? ದೊಡ್ಡ ಬ್ಯಾಂಕುಗಳೆಲ್ಲ ಸರಿಸುಮಾರು ಒಂದೇ ದರ ಕೊಡುತ್ತವೆ. ನನಗೆ ಪೈಪೋಟಿ ಎಲ್ಲೂ ಕಾಣುತ್ತಿಲ್ಲ.

ಲೆಕ್ಕ_ಸರಸ್ವತಿಪುರಂ:

ಸುಮಾ ಮೇಡಂ, ಎಸ್‌ಬಿ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಪೈಪೋಟಿ ಬರುತ್ತಿರುವುದು ಬ್ಯಾಂಕಿನ ಹೊರಗಿನಿಂದ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2023ರ ಏಪ್ರಿಲ್‌ನಿಂದ 8.2 ಬಡ್ಡಿ ಇದೆ, 30 ಲಕ್ಷದವರೆಗೆ ಇಡಬಹುದು. ಪಕ್ಕದಲ್ಲೇ ಅದು ಇರುವಾಗ ಬ್ಯಾಂಕು ಹಿರಿಯರ ಎಫ್‌ಡಿಯನ್ನು ಬೇಕಾದಷ್ಟು ಇಳಿಸುವ ಹಾಗಿಲ್ಲ. ಚಿಕ್ಕ ವಯಸ್ಸಿನವರು ಸಂಬಳ ಬಿದ್ದ ವಾರದಲ್ಲೇ ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹಾಕುತ್ತಾರೆ, ಎಸ್‌ಬಿಯಲ್ಲಿ ಬಿಡುವುದಿಲ್ಲ. ಕಾಸಾ ಪಾಲು ಕೆಲವು ವರ್ಷದಿಂದ ಇಳಿಯುತ್ತಲೇ ಇದೆ. ಮಾರ್ಜಿನ್‌ಗೆ ಮುಂದೆ ದೊಡ್ಡ ಪೆಟ್ಟು ಇಲ್ಲಿಂದಲೇ ಬೀಳುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಎಸ್‌ಬಿಯಲ್ಲಿ ಖರ್ಚಿಗೆ ಬೇಕಾದ್ದಕ್ಕಿಂತ ಜಾಸ್ತಿ ದುಡ್ಡು ನಿಲ್ಲುತ್ತಿದ್ದರೆ ಸ್ವೀಪ್ ಸೌಲಭ್ಯ ಕೇಳಿ ಹಾಕಿಸಿಕೊಳ್ಳಿ. ಮಿತಿ ದಾಟಿದ ದುಡ್ಡು ತಾನಾಗಿ ಎಫ್‌ಡಿ ಆಗುತ್ತದೆ, ಬೇಕಾದಾಗ ವಾಪಸ್ ಬರುತ್ತದೆ. ಬ್ಯಾಂಕಿನವರು ತಾವಾಗಿ ಹೇಳುವುದು ಕಡಿಮೆ.

ಮೈಸೂರು_ಓದುಗ:

ಅಣ್ಣನ ಸ್ಯಾಂಕ್ಷನ್ ಲೆಟರ್ ವಾಟ್ಸಾಪ್‌ನಲ್ಲಿ ತರಿಸಿಕೊಂಡೆ. "ಒಂದು ವರ್ಷದ ಎಂಸಿಎಲ್‌ಆರ್ + 0.50, ವರ್ಷಕ್ಕೊಮ್ಮೆ ರೀಸೆಟ್" ಅಂತ ಇದೆ. ರೀಸೆಟ್ ತಿಂಗಳು ಆಗಸ್ಟ್. 9.2ಕ್ಕೆ ಇದೇ ಕಾರಣವಾ?

ಮಂಡ್ಯ_ನಿವೃತ್ತ_ಬ್ಯಾಂಕರ್:

ಹೌದು, ಅದೇ ಕಾರಣ. ಎಂಸಿಎಲ್‌ಆರ್ 2016ರ ಏಪ್ರಿಲ್‌ನಲ್ಲಿ ಬಂದ ಪದ್ಧತಿ. ಅದನ್ನು ಬ್ಯಾಂಕು ತನ್ನ ದುಡ್ಡಿನ ಖರ್ಚಿನ ಮೇಲೆ ಲೆಕ್ಕ ಹಾಕುತ್ತದೆ. ದುಡ್ಡಿನ ಖರ್ಚು ನಿಧಾನಕ್ಕೆ ಇಳಿಯುತ್ತದೆ ಅಂತ ಮೇಲೆ ಹೇಳಿದರಲ್ಲ, ಹಾಗೇ ಎಂಸಿಎಲ್‌ಆರ್ ಕೂಡ. ಅದು ಇಳಿದರೂ ನಿಮ್ಮಣ್ಣನ ಸಾಲಕ್ಕೆ ತಟ್ಟುವುದು ಆಗಸ್ಟ್ ಬಂದಾಗಲೇ. ಬ್ಯಾಂಕಿನ ಕಡೆಯಿಂದ ನೋಡಿದರೆ ಮಾರ್ಜಿನ್ ಕಾಪಾಡುತ್ತಿರುವುದು ಇಂಥ ಹಳೇ ಸಾಲಗಳೇ.

ಆಗಸ್ಟ್‌ವರೆಗೆ ಕಾಯಬೇಡಿ ಅಂತ ಅಣ್ಣನಿಗೆ ಹೇಳಿ. ಬ್ರಾಂಚಿಗೆ ಹೋಗಿ ರೆಪೊಗೆ ಕಟ್ಟಿದ ದರಕ್ಕೆ ಬದಲಾಯಿಸಿ ಅಂತ ಬರೆದುಕೊಡಲಿ. ಸಣ್ಣದೊಂದು ಶುಲ್ಕ ತೆಗೆದುಕೊಳ್ಳಬಹುದು. ಸ್ಪ್ರೆಡ್ (ರೆಪೊ ಮೇಲೆ ಬ್ಯಾಂಕು ಸೇರಿಸುವ ಬಡ್ಡಿ) ಎಷ್ಟು ಹಾಕುತ್ತೀರಿ ಅಂತ ಮೊದಲೇ ಕೇಳಲಿ, ರೆಪೊ ಇಳಿದ ಮೇಲೆ ಕೆಲವು ಬ್ಯಾಂಕುಗಳು ಹೊಸಬರಿಗೆ ಸ್ಪ್ರೆಡ್ ಏರಿಸಿವೆ. 2025ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮ ಸಡಿಲ ಮಾಡಿದೆ, ಗ್ರಾಹಕನನ್ನು ಉಳಿಸಿಕೊಳ್ಳಲು ಸ್ಪ್ರೆಡ್‌ನ ಕೆಲವು ಭಾಗವನ್ನು ಮೊದಲಿನ ಹಾಗೆ ಮೂರು ವರ್ಷ ಕಾಯದೆ ಇಳಿಸಬಹುದು. ಹಾಗಾಗಿ ಕೇಳುವುದರಲ್ಲಿ ಅರ್ಥ ಇದೆ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಬಹುದು. ಬದಲಾಗುವ ಬಡ್ಡಿಯ ಮನೆ ಸಾಲ ಮುಂಚೆ ತೀರಿಸಿದರೆ ದಂಡ ಹಾಕುವ ಹಾಗಿಲ್ಲ, ಆ ನಿಯಮ 2012ರಿಂದ ಇದೆ. ಆದರೆ ಹೊಸ ಬ್ಯಾಂಕಿನಲ್ಲಿ ಪತ್ರ ಅಡ ಇಡುವ ನೋಂದಣಿ ಖರ್ಚು, ವಕೀಲರ ಫೀಸು ಮತ್ತೆ ಬರುತ್ತದೆ. ಬಾಕಿ ಅಸಲು ಎಷ್ಟಿದೆ, ಇನ್ನೆಷ್ಟು ವರ್ಷ ಇದೆ ಹಾಕಿ, ಉಳಿಯುವ ಬಡ್ಡಿ ಮತ್ತು ಈ ಖರ್ಚು ಎದುರುಬದುರು ಇಟ್ಟು ನೋಡೋಣ.

ಮೈಸೂರು_ಓದುಗ:

ಬಾಕಿ 11 ಲಕ್ಷ ಚಿಲ್ಲರೆ, ಇನ್ನೂ ಒಂಬತ್ತು ವರ್ಷ ಇದೆಯಂತೆ ಸರ್.

ಮಂಡ್ಯ_ನಿವೃತ್ತ_ಬ್ಯಾಂಕರ್:

7.5 ಸಿಕ್ಕಿತು ಅಂದುಕೊಂಡರೆ ಮೊದಲ ವರ್ಷವೇ ಹತ್ತಿರಹತ್ತಿರ 18 ಸಾವಿರ ಬಡ್ಡಿ ಉಳಿಯುತ್ತದೆ. ಮೊದಲು ನಿಮ್ಮಣ್ಣ ಈಗಿರುವ ಬ್ಯಾಂಕಿನಲ್ಲೇ ಕೇಳಲಿ. ಸ್ಯಾಂಕ್ಷನ್ ಲೆಟರ್, ಈ ವರ್ಷದ ಬಡ್ಡಿ ಸರ್ಟಿಫಿಕೇಟ್, ಬೇರೆ ಬ್ಯಾಂಕು ಹೇಳಿದ ದರ ಬರೆದಿರುವ ಕಾಗದ, ಈ ಮೂರನ್ನೂ ಕೈಯಲ್ಲಿ ಹಿಡಿದು ಹೋಗಲಿ. ಅರ್ಜಿ ಕೊಟ್ಟ ಮೇಲೆ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬರಲಿ.